ಚಿಗರಿಯನ್ನು ಬೈಠಕ್ಕಿಗೆ ಕರೆದುಕೊಂಡು ಹೋದದ್ದು

ವಿಜಯಪುರ

ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ದುಬೈಗೆ ಹೋಗಿಬಂದು ಆರು ತಿಂಗಳು ಅದನ್ನೇ ಮಾತಾಡಿದರು. ನಾನು ಹೈದರಾಬಾದಿಗೆ ಹೋಗಿ ಮೂರು ದಿನ ಇದ್ದು ಬಂದವನು. ಪಾಸ್‌ಪೋರ್ಟು ಬೇಕಾಗಲಿಲ್ಲ, ವಿಮಾನ ಹತ್ತಲಿಲ್ಲ. ಆದರೂ ಅಂಗಡಿ ಬೋರ್ಡಿನ ಅಕ್ಷರ ಬದಲಾದ ಕೂಡಲೇ ನನಗೆ ಅದು ಪರದೇಶವೇ. ಅದರಲ್ಲೂ ನಾನು ಹುಟ್ಟಾ ಪುಕ್ಕಲ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನಿಂದ ವಾಪಸು ಬಂದು ನಾಲ್ಕನೆಯ ಸಲ ಜಗ್ಗುವ ಪೈಕಿ. ಇಂಥವನ ಕೈಗೆ ಈ ಸಲ ಒಬ್ಬ ಗಾಯಕಿ, ಒಂದು ಪೇಟಿ, ಒಂದು ತಂಬೂರಿ ಮತ್ತು ಒಂದು ನಾಯಿಯ ಜವಾಬ್ದಾರಿ ಬಿತ್ತು.

ಗಾಯಕಿ ಎಂದರೆ ನನ್ನ ಗುರು ಶಾಂತಕ್ಕ. ವಯಸ್ಸು ಎಪ್ಪತ್ತರ ಹತ್ತಿರ. ಹಗಲು ಮಕ್ಕಳಿಗೆ ಗಣಿತ ಕಲಿಸಿ, ಸಂಜೆ ಅವರ ಪಕ್ಕ ಕೂತು ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ನುಡಿಸುತ್ತ ನನಗೆ ಇಪ್ಪತ್ತೆರಡು ವರ್ಷವಾಯಿತು. ಎರಡು ವರ್ಷದ ಹಿಂದೆ ಅವರಿಗೆ ಸಣ್ಣದಾಗಿ ಲಕ್ವಾ ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು, ದನಿಯೂ ಮರಳಿತು. ಎಡಗೈ ನಡುಕ ಮಾತ್ರ ಹೋಗಲಿಲ್ಲ. ಶಾಂತಕ್ಕ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಓಡಾಡುತ್ತಿದ್ದರು. ಯಾರಾದರೂ ಹಿಡಿದುಕೊಳ್ಳಲು ಹೋದರೆ ರೇಗುತ್ತಿದ್ದರು. ಹಾಡಲು ಕೂತರೆ ಕೈಯ ನಡುಕ ಉಸಿರಿಗೆ ಏರುತ್ತಿತ್ತು, ಉಸಿರಿನಿಂದ ಸ್ವರಕ್ಕೆ. ಹತ್ತು ನಿಮಿಷಕ್ಕೇ ತಂಬೂರಿ ಕೆಳಗಿಡುತ್ತಿದ್ದರು.

ಚಿಗರಿ ಬಂದದ್ದು ಆಗ. ಉದ್ದ ಕಾಲಿನ, ಒಣಕಲು ಹೊಟ್ಟೆಯ, ಅರ್ಧ ಮುಧೋಳ ತಳಿಯ ಹೆಣ್ಣು ನಾಯಿ. ಓಣಿಯಲ್ಲಿ ಅಲೆಯುತ್ತಿದ್ದುದು ಒಂದು ಸಂಜೆ ತಾನಾಗಿ ಒಳಗೆ ಬಂದು ಶಾಂತಕ್ಕನ ಎಡಮಗ್ಗುಲಿಗೆ ಮಲಗಿತು. ಅವರು ಅದರ ಬೆನ್ನ ಮೇಲೆ ಕೈ ಇಟ್ಟರು. ಕೈ ನಿಂತಿತು. ಆ ಸಂಜೆ ಮುಕ್ಕಾಲು ಗಂಟೆ ಹಾಡಿದರು. ನಾನು ಪೇಟಿಯ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅಂದಿನಿಂದ ನಾಯಿ ಇದ್ದರೆ ಹಾಡು, ಇಲ್ಲದಿದ್ದರೆ ಇಲ್ಲ.

ಹೀಗಿರುವಾಗ ಹೈದರಾಬಾದಿನಿಂದ ಕರೆ ಬಂತು. ಮದುವೆಗೆ ಮುಂಚೆ ಶಾಂತಕ್ಕನ ಬಳಿ ಕಲಿತ ವಸುಧಾ ಈಗ ಹಿಮಾಯತ್‌ನಗರದಲ್ಲಿದ್ದಾರೆ. ತಮ್ಮ ಮನೆಯ ಹಜಾರದಲ್ಲೇ ಗಾದಿ ಹಾಸಿ ಆಗಾಗ ಹಾಡಿನ ಬೈಠಕ್ ಇಡುತ್ತಾರೆ. ಲಕ್ವಾ ಹೊಡೆದ ಮೇಲೆ ಹೊರಗೆಲ್ಲೂ ಹಾಡದ ಶಾಂತಕ್ಕ ಇದಕ್ಕೆ ಹೂಂ ಅಂದರು. ಆಮೇಲೆ ನನ್ನನ್ನು ಕೇಳಿದರು.

"ವಿಠ್ಠಲಾ, ಚಿಗರಿದೂ ಹೇಳೀಯಿಲ್ಲೋ?"

"ಹೇಳೀನ್ರೀ ಅಕ್ಕಾರ."

ಹೇಳಿರಲಿಲ್ಲ. ನಾಲ್ಕು ಸಲ ಫೋನ್ ಮಾಡಿದ್ದೆ. ಅಕ್ಕನಿಗೆ ಬಿಸಿನೀರು ಬೇಕು, ಊಟಕ್ಕೆ ಖಾರ ಕಡಿಮೆ ಇರಲಿ, ಎಲ್ಲ ಹೇಳಿದ್ದೆ. ನಾಯಿಯ ಮಾತು ಮಾತ್ರ ನಾಲಗೆಯ ತುದಿಗೆ ಬಂದು ಒಳಗೇ ಹೋಗುತ್ತಿತ್ತು. ವಸುಧಾ ಬೇಡವೆಂದುಬಿಟ್ಟರೆ? ಹಾಗೆ ಒಮ್ಮೆ ಬೇಡ ಅನಿಸಿಕೊಂಡರೆ ಶಾಂತಕ್ಕ ಇನ್ನು ಹೊಸಿಲು ದಾಟಿ ಹಾಡುವುದಿಲ್ಲ, ಅದು ನನಗೆ ಗೊತ್ತು. ಹೇಳದಿದ್ದರೆ ಕನಿಷ್ಠ ಅಲ್ಲಿಯವರೆಗೆ ಹೋದಂತಾಗುತ್ತದೆ ಎಂದುಕೊಂಡೆ. ಪುಕ್ಕಲರ ಬುದ್ಧಿ ಇಷ್ಟೇ.

ಹುಮನಾಬಾದ್

ಬಾಡಿಗೆ ಕಾರಿನಲ್ಲಿ ಶನಿವಾರ ನಸುಕಿನಲ್ಲಿ ಹೊರಟೆವು. ಹುಮನಾಬಾದ್ ದಾಟಿ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿಯ ವಾಸನೆಗೆ ಚಿಗರಿ ಕಿವಿ ನಿಮಿರಿಸಿ ಕೂತಿತು. ಅದನ್ನು ನೋಡಿದಾಗ ನನ್ನ ಇನ್ನೊಂದು ಹೆದರಿಕೆ ಎದ್ದು ಕೂತಿತು.

ಕಛೇರಿಯ ಕೊನೆಗೆ ಭೈರವಿ ರಾಗ ಹಾಡುವುದು ನಮ್ಮ ಸಂಗೀತದ ರೂಢಿ. ಭೈರವಿ ಆಯಿತೆಂದರೆ ಎಲ್ಲ ಮುಗಿಯಿತು. ಅದರ ಮೇಲೆ ಯಾರೂ ಹಾಡುವುದಿಲ್ಲ, ಹಾಡಿರೆಂದು ಕೇಳುವುದೂ ಇಲ್ಲ, ಚಪ್ಪಲಿ ಹುಡುಕುತ್ತಾರೆ. ಶಾಂತಕ್ಕನ ಮನೆಯಲ್ಲಿ ದಿನದ ಅಭ್ಯಾಸವೂ ಭೈರವಿಯಿಂದಲೇ ಮುಗಿಯುವುದು. ಮುಗಿದ ಕೂಡಲೇ ಅವರು ಅಡುಗೆಮನೆಗೆ ಹೋಗಿ ಚಿಗರಿಗೆ ರೊಟ್ಟಿ ಮುರಿದು ಹಾಕುತ್ತಾರೆ. ನಾಯಿ ಇದನ್ನು ಎಷ್ಟು ಚೆನ್ನಾಗಿ ಕಲಿಯಿತೆಂದರೆ, ಈಗ ಅದು ಕೊನೆಯವರೆಗೆ ಕಾಯುವುದಿಲ್ಲ. ಭೈರವಿಯ ಮೊದಲ ನಾಲ್ಕು ಸ್ವರ ಬಿದ್ದರೆ ಸಾಕು, ಎದ್ದು ಮೈಮುರಿದು ನೇರ ಅಡುಗೆಮನೆಗೆ ಹೋಗಿ ಎರಡು ಸಲ ಬೊಗಳುತ್ತದೆ. ನಾವು ಶಿಷ್ಯರೆಲ್ಲ ಇದನ್ನು ದೊಡ್ಡ ತಮಾಷೆ ಮಾಡಿಕೊಂಡಿದ್ದೆವು. ಬಂದವರ ಮುಂದೆ ಬೇಕೆಂದೇ ಪೇಟಿಯಲ್ಲಿ ಭೈರವಿ ಹಿಡಿದು ನಾಯಿಯನ್ನು ಎಬ್ಬಿಸಿ ನಗುತ್ತಿದ್ದೆವು. ಆ ಮೂರ್ಖತನದಲ್ಲಿ ಎಲ್ಲರಿಗಿಂತ ಮುಂದೆ ನಾನೇ.

ಕಾರಿನಲ್ಲಿ ಒಂದು ಉಪಾಯ ಹೂಡಿದೆ. ಭೈರವಿಗೆ ಮುಂಚೆ ವಸುಧಾಗೆ ಕಣ್ಸನ್ನೆ ಮಾಡಿ ನಾಯಿಯನ್ನು ಹೊರಗೆ ಕಳಿಸುವುದು. ಉಪಾಯವೇನೋ ಚೆನ್ನಾಗಿತ್ತು. ಆದರೆ ಅದಕ್ಕೆ ಮೊದಲು ನಾಯಿ ಇದೆಯೆಂಬುದೇ ವಸುಧಾಗೆ ಗೊತ್ತಾಗಬೇಕಿತ್ತು. ಜಹೀರಾಬಾದಿನ ಹತ್ತಿರ ಬೋರ್ಡುಗಳು ತೆಲುಗಾದವು. ಚಿಗರಿ ತಂಬೂರಿಯ ಗವಸಣಿಗೆಯ ಮೇಲೆ ವಾಂತಿ ಮಾಡಿಕೊಂಡಿತು.

ಲಿಂಗಂಪಲ್ಲಿ

ಲಿಂಗಂಪಲ್ಲಿಯ ಸ್ಟೇಷನ್ ಹತ್ತಿರ ವಾಹನಗಳ ಸಾಲು ನಿಂತೇ ಹೋಯಿತು. ನಮ್ಮೂರಿನಲ್ಲಿ ರಸ್ತೆಗೆ ಎಮ್ಮೆ ಅಡ್ಡ ಬಂದರೆ ಹತ್ತು ಜನ ಇಳಿದು ಜಗಳಾಡುತ್ತೇವೆ. ಇಲ್ಲಿ ಯಾರೂ ಇಳಿಯಲಿಲ್ಲ. ಎಲ್ಲರೂ ಹಾರ್ನ್ ಒತ್ತಿಕೊಂಡು ಮೊಬೈಲ್ ನೋಡುತ್ತ ಕೂತಿದ್ದರು. ಚಿಗರಿ ಕುಂಯ್‌ಗುಟ್ಟಿತು. ಅದಕ್ಕೆ ಇಳಿಯಲೇಬೇಕಿತ್ತು.

ಹಗ್ಗ ಹಿಡಿದು ರಸ್ತೆಯಂಚಿಗೆ ಹೋದದ್ದೇ ತಡ, ಮೂರು ಬೀದಿನಾಯಿಗಳು ನಮ್ಮನ್ನು ಸುತ್ತುವರಿದವು. ನಾನು ಹಗ್ಗ ಜಗ್ಗಿಕೊಂಡು ಹಿಂದೆ ಹಿಂದೆ ಸರಿದೆ. "ಚಿಗರೀ, ಸುಮ್ನಿರವಾ, ಸುಮ್ನಿರು" ಎಂದು ನಾಯಿಗೋ ನನಗೋ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು.

"ಓಡಬ್ಯಾಡ್ರೀ ಅಣ್ಣಾರ! ಓಡಿದ್ರ ಬೆನ್ನ ಹತ್ತತಾವ!"

ಸಿಮೆಂಟಿನ ಬುಟ್ಟಿಯನ್ನು ಬೀಸುತ್ತ ಬಂದ ಆಕೆ "ಹಚಾ ಹಚಾ" ಎಂದು ಮೂರನ್ನೂ ಓಡಿಸಿದಳು. ಹೆಸರು ನರಸಮ್ಮ, ಯಾದಗಿರಿ ಕಡೆಯವಳು, ಕಟ್ಟಡದ ಕೆಲಸ. ಅರ್ಧ ಸೀರೆಗೆಲ್ಲ ಸಿಮೆಂಟಿನ ಬೂದಿ. ಕನ್ನಡ ಕೇಳಿ ಬಂದದ್ದಂತೆ. ಎಲ್ಲಿಗೆ ಹೊರಟಿರಿ ಎಂದಳು. ಹೇಳಿದೆ.

"ಹಾಡಿನ ಕಾರ್ಯಕ್ರಮಕ್ಕ ನಾಯೀನ್ನ ಒಯ್ಯಾಕತ್ತೀರೇನ್ರಿ? ಅವರು ಬಾ ಅಂದಾರೇನು?"

ನಾಯಿಯ ಸುದ್ದಿ ಅವರಿಗೆ ತಿಳಿಸಿಲ್ಲವೆಂದು, ಯಾಕೋ ಏನೋ, ಆ ಅಪರಿಚಿತಳ ಮುಂದೆ ಒಪ್ಪಿಕೊಂಡೆ.

"ಹೋದ ವರ್ಷ ಇಲ್ಲೇ ಒಂದ್ ಫಂಕ್ಷನ್ ಹಾಲ್ ಕಟ್ಟೀವ್ರಿ," ಅಂದಳು ನರಸಮ್ಮ. "ನೆಲದ ಕೆಲಸ ಎಲ್ಲಾ ನಮ್ಮ ಕೈದಾ. ಮದುವಿ ದಿನ ದೀಪಾ ಹಚ್ಚಿದ ಮ್ಯಾಲ ಹ್ಯಾಂಗ ಕಾಣತೈತಿ ನೋಡೂನು ಅಂತ ಹೋದ್ರ ಗೇಟಿನಾಗ ನಿಂದರಸಿದ್ರು. ಕರೀಲಾರದ ಕಡಿ ಹೋಗಿ ನಿಂತ್ರ ಭಾಳ ಕೆಟ್ಟ ಅನಸತೈತ್ರಿ. ಮೊದಲಾ ಹೇಳಿಬಿಡ್ರಿ."

ಅವಳ ಎದುರಿಗೇ ವಸುಧಾಗೆ ಫೋನ್ ಹಚ್ಚಿದೆ.

"ಎಲ್ಲೀತನಕ ಬಂದ್ರೀ ಸರ?"

"ಲಿಂಗಂಪಲ್ಲಿ. ಒಂದ್ ಮಾತ್ ಹೇಳೂದಿತ್ರಿ."

"ಹೇಳ್ರಿ."

ಉಸಿರು ಎಳೆದುಕೊಂಡೆ. "ಅಕ್ಕಾರಿಗೆ ಫ್ಯಾನಿನ ಗಾಳಿ ನೇರ ಬಡೀಬಾರದ್ರಿ."

ನರಸಮ್ಮ ಹಣೆ ಚಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಹಿಮಾಯತ್‌ನಗರ, ಶನಿವಾರ

ಬಟ್ಟೆ ಅಂಗಡಿಗಳ ಹಿಂದೆ, ಇಷ್ಟೊಂದು ಗದ್ದಲದ ಬೆನ್ನಿಗೆ ಇಷ್ಟು ಶಾಂತ ಓಣಿ ಇರಬಹುದೆಂದು ನಾನು ಅಂದುಕೊಂಡಿರಲಿಲ್ಲ. ವಸುಧಾ ಮತ್ತು ಅವರ ಅತ್ತೆ ಇಂದಿರಾಬಾಯಿ ಮೆಟ್ಟಿಲ ಮೇಲೆ ನಿಂತಿದ್ದರು. ಕಾಲಿಗೆ ನೀರಿನ ತಂಬಿಗೆಯೂ ಸಿದ್ಧವಿತ್ತು. ಕಾರಿನ ಬಾಗಿಲು ತೆರೆದೆ. ಎಲ್ಲರಿಗಿಂತ ಮೊದಲು ಇಳಿದದ್ದು ಚಿಗರಿ.

ಶಾಂತಕ್ಕ ವಸುಧಾಳ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ವಸುಧಾ ನನ್ನನ್ನು ಪಕ್ಕಕ್ಕೆ ಕರೆದರು. "ಗಚ್ಚಿಬೌಲಿ ಕಡಿ ಎಲ್ಲಾ ಹುಲ್ಲಿನ ಮ್ಯಾಲ ಕಾರ್ಯಕ್ರಮ ಇಡ್ತಾರ್ರೀ ಸರ, ಅಲ್ಲಿ ಮಂದಿ ನಾಯಿ ಕರಕೊಂಡ ಬರ್ತಾರ. ನಾಯಿಗೆ ನೀರಿನ ಬಟ್ಟಲಾನೂ ಇಟ್ಟಿರ್ತಾರ. ಆದ್ರ ಇದು ನಮ್ಮ ಅತ್ತಿಯವರ ಮನಿ. ಮುಂಚೇನ ಹೇಳಿದ್ರ ನಾ ಹ್ಯಾಂಗರ ಮಾಡಿ ಒಪ್ಪಸತಿದ್ದೆ."

ಇಂದಿರಾಬಾಯಿ ರಾಯಚೂರಿನ ಮಡಿವಂತ ಮನೆತನದವರು. "ದೇವರ ಮನಿ ಹಜಾರದ ಬಾಜೂಕ ಐತಿ," ಅಂದರು, ಅಷ್ಟೇ.

"ಹಂಗಾರ ನಾನೂ ಹೊರಗ ಇರ್ತೀನ್ರಿ. ನೀವೇನೂ ತಪ್ಪು ತಿಳೀಬ್ಯಾಡ್ರಿ," ಎಂದು ಶಾಂತಕ್ಕ ಜಗಲಿಯ ಮೇಲೆ ಕೂತುಬಿಟ್ಟರು. ಅಷ್ಟು ದೊಡ್ಡ ಗಾಯಕಿ, ಎಂಟು ತಾಸು ಪ್ರಯಾಣ ಮಾಡಿ ಬಂದು, ನನ್ನ ಒಂದು ಸುಳ್ಳಿನಿಂದಾಗಿ ಪರರ ಮನೆಯ ಬಾಗಿಲಲ್ಲಿ ಕೂತಿದ್ದರು. ನಾನು ಇಂದಿರಾಬಾಯಿಯವರ ಹತ್ತಿರ ಹೋಗಿ ಎಡಗೈಯ ವಿಷಯ ಹೇಳಿದೆ. ನಾಚಿಕೆಯಿಂದ ನನ್ನ ದನಿಯೇ ನನಗೆ ಕೇಳುತ್ತಿರಲಿಲ್ಲ.

ಅವರು ಸ್ವಲ್ಪ ಹೊತ್ತು ನಾಯಿಯನ್ನು ನೋಡಿದರು. ಒಳಗೆ ಹೋಗಿ ಒಂದು ಚಿಟಿಕೆ ಅರಿಶಿನ ತಂದು ತಂಬಿಗೆಯ ನೀರಿಗೆ ಹಾಕಿದರು. ಆಮೇಲೆ, ಮೊಣಕಾಲು ನೋವೆಂದು ಗೊಣಗುತ್ತಲೇ ಬಗ್ಗಿ ಕೂತು, ಚಿಗರಿಯ ನಾಲ್ಕೂ ಕಾಲು ತೊಳೆದು ಹಳೆಯ ಸೀರೆಯ ತುಂಡಿನಿಂದ ಒರೆಸಿದರು. ನಾಯಿ ಬೀಗರ ಹಾಗೆ ಒಂದೊಂದೇ ಕಾಲು ಕೊಟ್ಟಿತು.

"ಕಾಲಿಗೆ ನೀರ ಕೊಟ್ಟ ಮ್ಯಾಲ ಒಳಗ ಬರಲೇಬೇಕು. ಆದ್ರ ಅಡಗಿಮನಿ ಹೊಸ್ತಲಾ ದಾಟಬಾರದು. ದಾಟಿದ್ರ ಆ ಗಳಿಗೀಗೇ ಹೊರಗ. ಆಮ್ಯಾಲ ನನ್ನ ಕೆಟ್ಟಾಕಿ ಅನ್ನಬ್ಯಾಡ್ರಿ."

ಎಲ್ಲ ಬಿಟ್ಟು ಅಡುಗೆಮನೆ! ಭೈರವಿಯ ಕತೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಶಾಂತಕ್ಕ ನನ್ನ ಪಕ್ಕದಿಂದ ಒಳಗೆ ಹೋಗುತ್ತ ಒಂದೇ ಮಾತು ಅಂದರು.

"ನನ್ನ ಪರವಾಗಿ ಅಂಜೂ ಕೆಲಸಾ ನಿನಗ ಯಾರು ಕೊಟ್ರೋ?"

ಹಿಮಾಯತ್‌ನಗರ, ಭಾನುವಾರ

ಬೆಳಗಿನಿಂದ ನಾನು ಗಾದಿಯಿಂದ ಅಡುಗೆಮನೆಯ ಹೊಸಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತಿದ್ದೆ. ಚಿಗರಿ ಮಾತ್ರ ಹೊಸ ಮನೆಯ ಬಿಸಿಲಿನಲ್ಲಿ ಕಾಲು ಚಾಚಿ ನಿದ್ದೆ ಹೊಡೆಯಿತು.

ಸಂಜೆ ಐದೂವರೆಯ ಬೈಠಕ್ಕಿಗೆ ಹೈದರಾಬಾದಿನವರು ಆರಕ್ಕೆ ಬಂದರು. ಬಂದವರು ಒಬ್ಬರಿಗೊಬ್ಬರು ತೆಲುಗಿನಲ್ಲಿ ಕ್ಷೇಮ ಕೇಳಿ, ಹಿಂದಿಯಲ್ಲಿ ಟ್ರಾಫಿಕ್ಕನ್ನು ಬೈದು, ಕನ್ನಡದಲ್ಲಿ ಶಾಂತಕ್ಕನಿಗೆ ನಮಸ್ಕಾರ ಹೇಳಿದರು. ನಮ್ಮಲ್ಲಿ ಮುಂದಿನ ಸಾಲಿಗೆ ಕೂರಲು ಯಾರೂ ಒಪ್ಪುವುದಿಲ್ಲ, ಎಳೆದು ಕೂರಿಸಬೇಕು. ಇಲ್ಲಿ ಮುಂದಿನ ಸಾಲಿಗೆ ಮೊದಲೇ ಕರವಸ್ತ್ರ ಹಾಕಿದ್ದರು. ಗಾದಿಯ ಮೇಲೆ ನಾಯಿಯನ್ನು ಕಂಡು ಇಬ್ಬರು ಹೆಂಗಸರು ಕರವಸ್ತ್ರ ಎತ್ತಿಕೊಂಡು ಹಿಂದಕ್ಕೆ ಸರಿದರು. ಬಿಳಿ ಪೈಜಾಮದ ವಯಸ್ಸಾದ ಸಾಹೇಬರೊಬ್ಬರು ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: "ಬುರಾ ನಕೋ ಮಾನೋ ಜೀ. ನಮಾಜ್ ಪಡ್ನಾ ಹೈ, ಕಪ್ಡೇ ಪಾಕ್ ಹೋನಾ. ಮೈ ಉಧರ್ ಬೈಠ್‌ತೂಂ." ನಮಾಜಿಗೆ ಬಟ್ಟೆ ಶುದ್ಧವಿರಬೇಕಲ್ಲ, ತಪ್ಪು ತಿಳಿಯಬೇಡಿ ಎಂದು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಚಿಗರಿಯ ಕಡೆಗೂ ಒಂದು ಸಲಾಮು ಹಾಕಿ ಕೂತರು.

ವಸುಧಾ ತಂಬೂರಿ ಹಿಡಿದರು. ಹೈದರಾಬಾದಿನವರೇ ಒಬ್ಬರು ತಬಲಾಕ್ಕೆ. ಶಾಂತಕ್ಕ ಎಡಗೈಯನ್ನು ಚಿಗರಿಯ ಬೆನ್ನ ಮೇಲೆ ಇಟ್ಟು, ಮೇಲೆ ಸೆರಗು ಹೊದಿಸಿ, ಪೂರಿಯಾ ಧನಾಶ್ರೀ ಹಿಡಿದರು. ಸೂರ್ಯ ಮುಳುಗುವ ಹೊತ್ತಿನ ರಾಗ. ಇಪ್ಪತ್ತು ನಿಮಿಷ ಹೇಗೆ ಹಾಡಿದರೆಂದರೆ ನಾನು ಹೆದರುವುದನ್ನೇ ಮರೆತಿದ್ದೆ. "ವಾಹ್" ಅನ್ನುವವರು ಅಂದರು, ತೆಲುಗಿನಲ್ಲಿ "ಬಾಗುಂದಿ" ಅನ್ನುವವರು ಅಂದರು. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂತ ಇಂದಿರಾಬಾಯಿಯವರ ತಲೆಯೂ ತೂಗುತ್ತಿತ್ತು.

ಹಾಡುತ್ತಿದ್ದ ಚೀಜಿನ ಎರಡನೆಯ ಭಾಗಕ್ಕೆ, ಅಂತರಾಕ್ಕೆ, ಬಂದಾಗ ಶಾಂತಕ್ಕ ನಿಂತರು. ಸಾಹಿತ್ಯ ಮರೆತಿತ್ತು. ಸ್ವರವನ್ನೇ ಸುತ್ತಿ ಮತ್ತೆ ಬಂದರು, ಮತ್ತೆ ಅಲ್ಲೇ ನಿಂತರು. ಮೂರನೆಯ ಸಲವೂ ಹಾಗೇ ಆಯಿತು. ಕೇಳುವವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ತಮ್ಮ ಮಡಿಲು ನೋಡಿಕೊಂಡರು. ಅದೇ ನನಗೆ ತಡೆಯಲಾಗಲಿಲ್ಲ. ಇವರು ಅಕ್ಕನನ್ನು ಅಯ್ಯೋ ಪಾಪ ಅನ್ನುವ ಮೊದಲು ಮರ್ಯಾದೆಯಿಂದ ಮುಗಿಸಿಬಿಡಬೇಕು, ಮೈ ಹುಷಾರಿಲ್ಲವೆಂದು ಹೇಳಿದರಾಯಿತು ಎಂದು ತಲೆ ಓಡಿತು. ಮುಗಿಸುವುದೆಂದರೆ ಪೇಟಿಯವನ ಕೈಗೆ ಗೊತ್ತಿರುವುದು ಒಂದೇ. ನಾನು ಭೈರವಿ ಹಿಡಿದೆ.

ಚಿಗರಿ ಎದ್ದಿತು. ಮುಂಗಾಲು ಚಾಚಿ ಮೈಮುರಿಯಿತು. ಸೆರಗು ಜಾರಿ ಶಾಂತಕ್ಕನ ಎಡಗೈ ಬಿಳಿ ಗಾದಿಯ ಮೇಲೆ ಬಿತ್ತು. ಎಲ್ಲರೆದುರು ಅದು ನಡುಗಲು ಶುರುವಾಯಿತು. ನಾಯಿ ಜನರ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಯ ಹೊಸಿಲಿಗೆ ಹೋಗಿ ಎರಡು ಸಲ ಬೊಗಳಿತು.

ಎರಡು ವರ್ಷ ಜೋಪಾನ ಮಾಡಿದ್ದನ್ನು ನಾಲ್ಕು ಸ್ವರದಲ್ಲಿ ಹಾಳು ಮಾಡಿದ್ದೆ. ತಬಲಾ ನಿಂತಿತು.

ಶಾಂತಕ್ಕ ತಮ್ಮ ಕೈಯನ್ನು ನೋಡಿದರು. ಈಗ ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡೆ. ಎಳೆದುಕೊಳ್ಳಲಿಲ್ಲ. ಅಡುಗೆಮನೆಯ ಕಡೆ ತಿರುಗಿ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು.

"ಚಿಗರೀ, ಕುಂಡ್ರಲ್ಲೇ. ಇನ್ನಾ ಮುಗದಿಲ್ಲ."

ನಾಯಿ ಹೊಸಿಲಿನ ಈಚೆಗೇ ಕೂತಿತು. ಇಂದಿರಾಬಾಯಿ ಒಂದು ಕೈಯಿಂದ ಅದರ ಕೊರಳು ಹಿಡಿದುಕೊಂಡರು. ನಾನು ಪೇಟಿಯಿಂದ ಕೈ ತೆಗೆದೆ. ಆ ಮಾತು ನಾಯಿಗಿಂತ ಹೆಚ್ಚು ನನಗೆ ತಾಗಿತ್ತು.

"ವಸುಧಾ, ಅಂತರಾ ಏನೈತೆವಾ? ಮರತೇ ಹೋತು ನನಗ. ಹೇಳು."

ತಂಬೂರಿಯ ಹಿಂದಿನಿಂದ ವಸುಧಾ ಮೊದಲ ಸಾಲು ಹೇಳಿದರು. "ಹಾಂ, ಅದ ಅದ" ಎಂದು ಶಾಂತಕ್ಕ ನಕ್ಕರು. ಮಡಿಲು ನೋಡುತ್ತಿದ್ದವರು ತಲೆಯೆತ್ತಿ ನಕ್ಕರು. ಲಕ್ವಾ ಹೊಡೆಯುವ ಮುಂಚೆ ಹಾಡುವಾಗ ಎಡಗೈ ಎತ್ತಿ ಸ್ವರ ತೋರಿಸುವುದು ಅವರ ಅಭ್ಯಾಸ. ಈಗಲೂ ಎತ್ತಿದರು. ಗಾಳಿಯಲ್ಲಿ ಅದು ನಡುಗುತ್ತಿತ್ತು, ದನಿಯಲ್ಲೂ ಆ ನಡುಕ ಅಲ್ಲಲ್ಲಿ ಇತ್ತು. ಅವರು ಅದನ್ನು ಮುಚ್ಚಲಿಲ್ಲ, ಅದರ ಜೊತೆಗೇ ಹಾಡಿದರು. ಪೇಟಿ ಇಲ್ಲದೆಯೇ ಬಹಳ ಹೊತ್ತು ಹಾಡಿದರು. ಕೊನೆಗೆ ನನ್ನ ಕಡೆ ನೋಡದೆ "ಬಾರಿಸೋ" ಅಂದರು. ನಾನು ಬಾರಿಸಿದೆ.

ಒಂದೂವರೆ ತಾಸಿನ ಮೇಲೆ ಭೈರವಿ ಹಾಡದೆಯೇ ಕೈಮುಗಿದರು. ಯಾರೂ ಚಪ್ಪಲಿಗೆ ಏಳಲಿಲ್ಲ. ಇಂದಿರಾಬಾಯಿ ಅಷ್ಟೂ ಹೊತ್ತು ಮಡಿ ಸೀರೆಯಲ್ಲಿ ನಾಯಿಯ ಕೊರಳು ಹಿಡಿದು ಕೂತೇ ಇದ್ದರು. ಕಿಟಕಿಯ ಸಾಹೇಬರು ದೂರದಿಂದಲೇ ಕೇಳಿದರು, ಮುಂದಿನ ವರ್ಷವೂ ಬರುತ್ತೀರಲ್ಲ ಎಂದು.

"ಬರ್ತೀನ್ರಿ," ಅಂದರು ಶಾಂತಕ್ಕ. "ನಾಯೀನ್ನ ನಾ ತರ್ತೀನಿ. ಪೇಟಿಯವನ್ನ ನೀವ ಯಾರನ್ನರೆ ನೋಡಿ ಇಟ್ಟಿರ್ರಿ."

ಎಲ್ಲರೂ ಗೊಳ್ಳೆಂದರು. ನಾನೂ ನಕ್ಕೆ.

ಸೋಮವಾರ, ಮನೆಯ ಮೆಟ್ಟಿಲು

ಬೆಳಿಗ್ಗೆ ಸಾಮಾನೆಲ್ಲ ಕಾರಿಗೆ ಹಾಕಿಯಾಯಿತು. ಚಿಗರಿ ಮೊದಲೇ ಹೋಗಿ ಹಿಂದಿನ ಸೀಟಿನಲ್ಲಿ ಕೂತಿತ್ತು. ಹಳೆಯ ಕಾಲದ ಮನೆ, ಎತ್ತರದ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಶಾಂತಕ್ಕ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರು. ನಾನು ಒಂದು ಮೆಟ್ಟಿಲು ಕೆಳಗೆ ನಿಂತಿದ್ದೆ. ಕೈ ಚಾಚಿದರೆ ರೇಗುತ್ತಾರೆಂದು ಚಾಚಲಿಲ್ಲ.

"ಅಕ್ಕಾರ, ನಿನ್ನೆ ನಾ ಭೈರವಿ ಹಿಡದದ್ದು..."

"ಗೊತ್ತೈತಿ. ಮುಗಸೂದು ಛಲೋ ಅನಸ್ತು ನಿನಗ."

"ನನಗ ಭಾಳ ಅಂಜಿಕಿ ಆತ್ರಿ."

"ಎರಡ ವರ್ಷಾತು, ನಾ ಬಾಯಿ ತಗದ್ರ ಸಾಕು, ನೀ ಉಸಿರ ಬಿಗಿ ಹಿಡದ ಕುಂಡ್ರತಿ. ನಿನ್ನ ಮಾರಿ ನೋಡೇ ನನಗ ಅರ್ಧಾ ಅಂಜಿಕಿ ಬರತೈತಿ. ನನಗರ ಲಕ್ವಾ ಹೊಡದೈತಿ. ನಿನಗೇನಾಗೇತೋ?"

ನಾನು ತಲೆ ತಗ್ಗಿಸಿ ನಿಂತೆ. ಶಾಂತಕ್ಕ ಸೆರಗಿನಿಂದ ಎಡಗೈ ಹೊರಗೆ ತೆಗೆದು ನನ್ನ ಹೆಗಲ ಮೇಲೆ ಇಟ್ಟರು. ಎರಡು ವರ್ಷದಲ್ಲಿ ಆ ಕೈಯನ್ನು ನಾನು ಮುಟ್ಟಿರಲಿಲ್ಲ. ಅದರ ನಡುಕ ಇಷ್ಟು ಜೋರಾಗಿದೆಯೆಂದೂ ನನಗೆ ತಿಳಿದಿರಲಿಲ್ಲ. ಹೆಗಲಿನಿಂದ ನನ್ನ ಹಲ್ಲಿನವರೆಗೂ ಬಂತು. ನಾನು ಮೈ ಕಲ್ಲು ಮಾಡಿಕೊಂಡು ಅದನ್ನು ನಿಲ್ಲಿಸಲು ನೋಡಿದೆ.

"ಬಿಗಿ ಹಿಡೀಬ್ಯಾಡ. ಅದು ನಿಂದ್ರಂಗಿಲ್ಲ. ಸುಮ್ನ ಇಳಿ."

ನಾನು ಹೆಗಲು ಸಡಿಲ ಬಿಟ್ಟೆ. ಒಂದೊಂದೇ ಮೆಟ್ಟಿಲು ಇಳಿದೆವು. ಕೊನೆಯ ಮೆಟ್ಟಿಲವರೆಗೂ ಅವರ ಕೈ ನನ್ನ ಮೇಲೆ ನಡುಗುತ್ತಲೇ ಇತ್ತು.